ನಕಿಬಾಯೆಯ ಗುಂಡಿಯ ನೀರು

ತೌರಿಬಾ ಗುಂಡಿಗಿಳಿದು ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಉಪ್ಪು. ನಿನ್ನೆಗಿಂತ ಹೆಚ್ಚೋ, ನಿನ್ನೆಯಷ್ಟೇಯೋ, ಅದು ತಿಳಿಯಲಿಲ್ಲ. ದಿನಾ ಬೆಳಗ್ಗೆ ಅದನ್ನೇ ನೆಕ್ಕಿ ನೋಡುವ ನಾಲಿಗೆಗೆ ಅಂದಾಜು ತಪ್ಪಿಹೋಗಿತ್ತು.

ಸುತ್ತ ಬಬಾಯಿ ಎಂಬ ದೊಡ್ಡ ಜೌಗುಕೆಸುವಿನ ಗಿಡಗಳು ನಿಂತಿದ್ದವು. ಹಿಂದೆ ಈ ಕೆಸುವಿನ ಎಲೆಯ ಕೆಳಗೆ ಅವಳ ಗಂಡ ತಲೆ ಬಗ್ಗಿಸದೆ ಓಡಾಡುತ್ತಿದ್ದ. ಈಗ ಎಲೆ ಅವಳ ಸೊಂಟಕ್ಕೆ ಬರುತ್ತಿತ್ತು, ಅಂಚು ಬೆಂಕಿಗೆ ಹಿಡಿದ ಹಾಗೆ ಕಂದಾಗಿ ಸುರುಟಿತ್ತು. ನಡುವಿನ ಗಿಡ ರೋಟಿಯಾಳದು. ಮಗಳು ಹುಟ್ಟಿದ ವಾರವೇ ನೆಟ್ಟದ್ದು, ಹತ್ತೊಂಬತ್ತು ವರ್ಷದ ಗೆಡ್ಡೆ. ಇನ್ನು ಮೂರು ವಾರಕ್ಕೆ ಮದುವೆ. ಆ ದಿನ ಈ ಗೆಡ್ಡೆಯನ್ನು ಅಗೆದು, ತೊಳೆದು, ಊರಿನ ಚಾವಡಿಗೆ ಹೊತ್ತು, ಗಂಡಿನ ಕಡೆಯವರ ಎದುರು ಕೊಯ್ಯಬೇಕು. ಹೋದ ತಿಂಗಳು ತೌರಿಬಾ ಅದರ ಬುಡಕ್ಕೆ ಕೈ ಹಾಕಿ ನೋಡಿದ್ದಳು. ಬೆರಳು ಗಟ್ಟಿಯಾದ ಯಾವುದಕ್ಕೂ ತಾಗಲಿಲ್ಲ. ಬೆಂದ ಗೆಣಸಿಗೆ ಹೋದಂತೆ ಮೆತ್ತಗೆ ಒಳಕ್ಕೆ ಹೋಯಿತು. ಕೈ ಎಳೆದು, ಮೂಸಿ, ಮೂರು ಸಲ ತೊಳೆದುಕೊಂಡಳು. ಯಾರಿಗೂ ಹೇಳಲಿಲ್ಲ. ರೋಟಿಯಾಳಿಗೂ ಹೇಳಲಿಲ್ಲ.

ಹೇಳುವ ಮಾತೇ ಅಲ್ಲ ಅದು. ನಿಕುತಾ ದ್ವೀಪದಲ್ಲಿ ಒಬ್ಬರ ಗುಂಡಿಯನ್ನು ಇನ್ನೊಬ್ಬರು ಇಣುಕುವುದಿಲ್ಲ. ದ್ವೀಪದ ನಡುವಿನ ಜೌಗಿನಲ್ಲಿ ಮೂವತ್ತೆಂಟು ಮನೆಗೆ ಮೂವತ್ತೆಂಟು ಗುಂಡಿ, ಒಂದೊಂದಕ್ಕೂ ತೆಂಗಿನ ಗರಿಯ ತಟ್ಟಿ ಕಟ್ಟಿದ ಮರೆ. ಪಕ್ಕದಲ್ಲಿ ಹಾದುಹೋಗುವಾಗ ಕೆಮ್ಮಬೇಕು, ಆಕಾಶ ನೋಡುತ್ತ ನಡೆಯಬೇಕು. ಗಿಡಕ್ಕೆ ಯಾವ ಎಲೆ ಕೊಳೆಸಿ ಹಾಕಬೇಕು, ಯಾವುದರ ಮೇಲೆ ಯಾವುದು, ಯಾವ ಚಂದ್ರನಿಗೆ, ಎನ್ನುವುದು ಮನೆಯ ಗುಟ್ಟು. ಸಾಯುವ ಕಾಲಕ್ಕೆ ಹಿರಿಯರು ಕಿರಿಯರ ಕಿವಿಗೆ ಬಾಯಿಟ್ಟು ಹೇಳಿ ಹೋಗುತ್ತಾರೆ. ನಿಮ್ಮ ಗುಂಡಿ ಹೇಗಿದೆ ಎಂದು ಕೇಳುವುದೂ ಒಂದೇ, ನಿಮ್ಮ ಗಂಡ ಹೆಂಡಿರ ನಡುವೆ ಹೇಗಿದೆ ಎಂದು ಕೇಳುವುದೂ ಒಂದೇ.

ತೌರಿಬಾಳ ಅತ್ತೆ ನಾಲ್ಕು ಎಲೆ ಹೇಳಿದ್ದಳು. ಮೂರನೆಯದನ್ನು ಹೇಳುವಾಗ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ದೀವಿ ಹಲಸು ಎಂದಳು. ಅದು ಮೂರನೆಯದೋ ನಾಲ್ಕನೆಯದೋ ಎಂದು ಸೊಸೆ ಕೇಳುವ ಮೊದಲೇ ಮುದುಕಿ ಗೋಡೆ ಕಡೆ ಹೊರಳಿದ್ದಳು. ಇಷ್ಟು ವರ್ಷ ನಡೆದುಕೊಂಡು ಬಂತು. ಎಲೆ ಸುರುಟಲು ಶುರುವಾದಾಗಿನಿಂದ ಮಾತ್ರ ತೌರಿಬಾಳಿಗೆ ಆ ಕೆಮ್ಮೇ ಕಿವಿಯಲ್ಲಿ. ನಾನೇ ಹಿಂದುಮುಂದು ಮಾಡಿದೆ, ನಾನೇ ಕೊಂದೆ. ಎರಡು ಸಲ ಅತ್ತೆಯ ಗೋರಿಗೆ ಹೋಗಿ, ತಂಬಾಕು ಇಟ್ಟು, ತಪ್ಪಾಯಿತು ಎಂದು ಬಂದಿದ್ದಳು.

ಗುಂಡಿಯಿಂದ ಹತ್ತಿ ದಾರಿಗೆ ಬರುವಾಗ ನಾದಿನಿ ಮೇರೆ ಎದುರಾದಳು. ಅವಳ ಗಂಡನ ಮನೆಯ ಗುಂಡಿ ಮೂರು ತಟ್ಟಿ ಆಚೆಗೆ. ಕಂಕುಳಲ್ಲಿ ಬುಟ್ಟಿ ಇತ್ತು, ಬಾಯಿಗೆ ಎಲೆ ಮುಚ್ಚಿತ್ತು.

“ಏನತ್ತಿಗೆ, ಇಷ್ಟು ಬೇಗ? ಗುಂಡಿಗೆ ಬಡಿಸೋಕೆ ಬಂದ್ಯಾ?”

“ಹ್ಞೂಂ ಕಣೇ. ಬೀಗರೆದುರು ಇಡೋ ಗೆಡ್ಡೆ. ಹೊಟ್ಟೆ ತುಂಬ ಹಾಕ್ಬೇಕಲ್ಲ.”

“ನಮ್ಮದಕ್ಕಂತೂ ಈ ವರ್ಷ ಸೊಕ್ಕು ಬಂದುಬಿಟ್ಟಿದೆ. ಎಲೆ ಬಾಗಿ ಬಾಗಿ ತಟ್ಟೀನೇ ಮುರೀತಿದೆ,” ಎಂದಳು ಮೇರೆ, ಆಕಾಶ ನೋಡುತ್ತ.

“ಅಷ್ಟೊಂದು ಸೊಕ್ಕಿದ್ರೆ ಮೊನ್ನೆ ಹಡಗಿಂದ ಅಕ್ಕಿ ಮೂಟೆ ಯಾಕೆ ಹೊತ್ಕೊಂಡು ಬಂದೆ?”

“ಮೊಮ್ಮಕ್ಕಳಿಗೆ ಅಕ್ಕಿ ಚಟ ಹತ್ತಿದೆ ಅತ್ತಿಗೆ. ಹಲ್ಲಿಗೆ ಕೆಲಸ ಇಲ್ಲದ ಊಟ ಬೇಕು ಈಗಿನವಕ್ಕೆ. ನೀನೂ ಒಂದು ಮೂಟೆ ತಂದೆ ತಾನೆ?”

“ರೋಟಿಯಾ ತಂದಳು.”

“ಹ್ಞಾಂ, ರೋಟಿಯಾ,” ಎಂದು ಮೇರೆ ನಕ್ಕಳು. ನಕ್ಕು, ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಬೇಗ ಬೇಗ ನಡೆದಳು. ಹಿಂದಿನಿಂದ ತೌರಿಬಾ ಅವಳ ಕಾಲು ನೋಡಿದಳು. ಮೊಳಕಾಲಿನ ಕೆಳಗೆ ನೀರು ಒಣಗಿದ ಕಡೆ ಸಣ್ಣಗೆ ಒಂದು ಬಿಳಿ ಗೆರೆ ಇತ್ತು. ಕಡಲಿಗಿಳಿದು ಬಂದಿರಬೇಕು ಎಂದುಕೊಂಡಳು. ಮನೆ ಮುಟ್ಟುವ ಹೊತ್ತಿಗೆ ತನ್ನ ಕಾಲಲ್ಲೂ ಅದೇ ಗೆರೆ ಒಣಗಿ ಎದ್ದಿತ್ತು. ಅವಳು ಕಡಲಿಗೆ ಇಳಿದಿರಲಿಲ್ಲ.

ಒಳಗಡಲಿನ ಕಡೆ, ಉಪ್ಪುನೀರಿನ ಕೆಸರಲ್ಲಿ ಬೇರುಬಿಟ್ಟು ಅಲೆ ತಡೆಯುತ್ತಿದ್ದ ಕಾಂಡ್ಲಾ ಗಿಡಗಳು ಸತ್ತು ನಿಂತಿದ್ದವು. ಒಂಬತ್ತು ವರ್ಷದ ಕೆಳಗೆ ಊರವರೇ ಸೇರಿ ಕಲ್ಲುದಾರಿ ಕಟ್ಟಿದ್ದರು. ಅದಕ್ಕೆ ಮೊದಲು ಶಾಲೆ, ಇಗರ್ಜಿ ಇರುವ ಪುಟ್ಟ ದ್ವೀಪಕ್ಕೆ ಭರತದ ಹೊತ್ತಿನಲ್ಲಿ ದೋಣಿಯಲ್ಲೇ ಹೋಗಬೇಕಿತ್ತು. ಒಂದು ಸಲ ಇಬ್ಬರು ಮಕ್ಕಳು ಮುಳುಗಿದ್ದರು. ಹಾಗಾಗಿ ನಡುವಿನ ಕಾಲುವೆಗೆ ಕಲ್ಲು ತುಂಬಿದರು. ಊರಿನ ಹಿರಿಯ ನಕಿಬಾಯೆ ಮೊದಲ ಕಲ್ಲು ಇಟ್ಟ. ಮುಗಿದ ದಿನ ಮೂರು ಹೊತ್ತು ಊಟ, ಕುಣಿತ. ಮುಂದಿನ ವರ್ಷ ಒಳಗಡಲಿಗೆ ಹೊಸ ಕೆಸರು ಬರಲಿಲ್ಲ. ಅದರ ಮುಂದಿನ ವರ್ಷ ಏಡಿ ಕಾಣಲಿಲ್ಲ. ಆಮೇಲೆ ಕಾಂಡ್ಲಾದ ಎಲೆ ಉದುರಿತು. ಸತ್ತದ್ದನ್ನು ಕಡಿದರೆ ಪಾಪವೇನು ಎಂದು ಸೌದೆಗೆ ಕಡಿದರು, ತೌರಿಬಾಳೂ ಕಡಿದಳು. ಈಗ ದೊಡ್ಡ ಭರತದ ದಿನ ಅಲೆ ನೇರವಾಗಿ ಜೌಗಿನ ಬಾಯಿಗೇ ಬರುತ್ತಿತ್ತು. ಬಂದು ತಿರುಗಿ ಹೋಗುವಾಗ ಒಂದು ಹಿಡಿ ನೆಲ ಕಿತ್ತುಕೊಂಡು ಹೋಗುತ್ತಿತ್ತು, ಸದ್ದಿಲ್ಲದೆ, ಕೇಳಿ ಪಡೆದವರ ಹಾಗೆ.

ಇದನ್ನೆಲ್ಲ ಅಳೆಯಲು ರಾಜಧಾನಿ ತರಾವಾದಿಂದ ಸರಕಾರದ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಹೆಸರು ಅಬೆರಿ. ಎರಡು ದಿನ ಕೆಸರಲ್ಲಿ ಕೋಲು ನೆಟ್ಟು, ಸತ್ತ ಗಿಡ ಎಣಿಸಿ, ಬಿಸಿಲಿಗೆ ಮೂಗು ಸುಲಿದುಕೊಂಡಿದ್ದಳು. ನಿನ್ನೆ ಬಾವಿಕಟ್ಟೆಯಲ್ಲಿ ಹೆಂಗಸರಿಗೆ ಬಿಡಿಸಿ ಹೇಳಿದ್ದಳು.

“ಕಲ್ಲುದಾರೀನ ಅಲ್ಲಲ್ಲಿ ಒಡೆದು ಸೇತುವೆ ಹಾಕ್ತಾರೆ, ನೀರು ಓಡಾಡುತ್ತೆ. ಕಾಂಡ್ಲಾ ಹೊಸದಾಗಿ ನೆಡ್ತಾರೆ. ಕಲ್ಲು ಒಡೆಯೋ ಯಂತ್ರ ಬರೋದು ಈ ವರ್ಷ ಮೂರೇ ದ್ವೀಪಕ್ಕೆ. ಎಲ್ಲಿ ಅರ್ಧಕ್ಕಿಂತ ಹೆಚ್ಚು ಬಬಾಯಿ ಗುಂಡಿ ಉಪ್ಪಾಗಿದೆಯೋ ಅಲ್ಲಿಗೆ ಮೊದಲು.”

“ಮತ್ತೆ ನೋಡ್ಕೊಂಡು ಹೋಗಮ್ಮ,” ಎಂದಿದ್ದಳು ಯಾರೋ ಒಬ್ಬಳು, ತಮಾಷೆಗೆ.

“ನಿಮ್ಮ ಗುಂಡಿ ಇಣುಕೋ ಹಾಗೆ ನನ್ನ ತಾಯಿ ನನ್ನನ್ನ ಬೆಳೆಸಿಲ್ಲ ಚಿಕ್ಕಮ್ಮ. ನೀವೇ ಹೇಳ್ಬೇಕು. ನಾಳೆ ಚಾವಡೀಲಿ ಮನೆಗೊಂದು ಮಾತು. ಮಧ್ಯಾಹ್ನದ ಭರತಕ್ಕೆ ನನ್ನ ಹಡಗು.”

ಆ ನಾಳೆ ಇವತ್ತಾಗಿತ್ತು. ಮನೆಯಲ್ಲಿ ರೋಟಿಯಾ ಮದುವೆಗೆಂದು ಕೇದಗೆ ಗರಿಯ ಚಾಪೆ ಹೆಣೆಯುತ್ತ ಕುಳಿತಿದ್ದಳು. ತಾಯಿ ಬಂದದ್ದು ಕಂಡು ಕೈ ನಿಲ್ಲಿಸಿದಳು.

“ಅಮ್ಮಾ, ಏನು ಹೇಳ್ತೀಯ ಅಲ್ಲಿ?”

“ಇದ್ದದ್ದು ಹೇಳ್ತೀನಿ.”

“ಇದ್ದದ್ದು ಏನಿದೆ ಅಂತ ನಾನು ಕೇಳಲ್ಲ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ.” ರೋಟಿಯಾ ಗರಿಯ ತುದಿಯನ್ನು ಹಲ್ಲಿಂದ ಕಚ್ಚಿ ಎಳೆದಳು. “ಸಿಹಿ ಅಂದುಬಿಡು. ಬರನಿಕೊನ ಅಜ್ಜ ಗುಂಡಿ ಸತ್ತ ಮನೆ ಹೆಣ್ಣು ತರ್ತಾರಾ? ಕೈಗುಣ ಇಲ್ಲದ ತಾಯಿ ಮಗಳು ಅಂತಾರೆ. ಅವರ ಗುಂಡೀನೂ ನಾನು ಮುಟ್ಟಿ ಹಾಳು ಮಾಡ್ತೀನಿ ಅಂತಾರೆ.”

ರೋಟಿಯಾ ಮದುವೆಯಾಗಲಿದ್ದ ಬರನಿಕೊನ ಅಜ್ಜ ಎಂದರೆ ನಕಿಬಾಯೆಯೇ. ಊರಲ್ಲೇ ದೊಡ್ಡ ಗುಂಡಿ ಅವನದು. ಎರಡು ವರ್ಷದ ಹಿಂದೆ ಇಗರ್ಜಿಯ ಹಬ್ಬಕ್ಕೆ ಇಬ್ಬರು ಗಂಡಸರು ಹೊರುವಂಥ ಗೆಡ್ಡೆ ತಂದಿದ್ದ.

“ಎಲ್ಲರದೂ ಸಿಹಿ ಇದ್ದು ನಮ್ಮದೊಂದೇ ಉಪ್ಪು ಅಂದ್ರೆ ಏನು ಬಂತು?” ಎಂದಳು ಮಗಳು. “ಯಂತ್ರ ಬರಲ್ಲ. ಮದುವೆ ಹೋಗುತ್ತೆ, ಅಷ್ಟೆ.”

ಮಗಳ ಮಾತಲ್ಲಿ ತಪ್ಪು ಹುಡುಕಲು ತೌರಿಬಾಳಿಗೆ ಆಗಲಿಲ್ಲ. ಕಾಲಿನ ಬಿಳಿ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಚಾವಡಿಗೆ ಹೊರಟಳು.

ಚಾವಡಿಯಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಂಬದ ಬುಡ. ವಿಧವೆಯಾದ ಮೇಲೆ ಗಂಡನ ಜಾಗದಲ್ಲಿ ತೌರಿಬಾಳೇ ಕೂರುತ್ತಿದ್ದಳು, ಪಡುವಣ ಮೂಲೆಯಲ್ಲಿ. ರೋಟಿಯಾ ಹಿಂದೆ ಹೆಂಗಸರ ಸಾಲಿನಲ್ಲಿ ಕುಳಿತಳು. ಅಬೆರಿ ನಡುವೆ ಚಾಪೆಯ ಮೇಲೆ ಎರಡು ಪುಸ್ತಕ ಇಟ್ಟುಕೊಂಡಿದ್ದಳು, ಒಂದರ ಮೇಲೊಂದು. ಮೇಲಿನದನ್ನು ತೆರೆದಳು.

ನಕಿಬಾಯೆ ಗಂಟಲು ಸರಿಮಾಡಿಕೊಂಡ. ಎಪ್ಪತ್ತೈದು ದಾಟಿದ್ದರೂ ಬೆನ್ನು ನೆಟ್ಟಗಿತ್ತು.

“ನಮ್ಮ ಮನೆಯ ಗುಂಡಿ ಸಿಹಿ.”

ಮುಂದಿನವನು, “ನಮ್ಮದೂ ಸಿಹಿ,” ಎಂದ. ಅದರ ಮುಂದಿನವನು, “ನಮ್ಮದರ ನೀರು ಹಾಕಿದ್ರೆ ಚಾಗೆ ಸಕ್ಕರೆ ಬೇಕಿಲ್ಲ ತಾಯಿ,” ಎಂದ. ಎಲ್ಲರೂ ನಕ್ಕರು. ಅಬೆರಿಯೂ ನಕ್ಕು ಗುರುತು ಹಾಕಿಕೊಂಡಳು. ಮೇರೆಯ ಗಂಡ ಮೇಲೆ ನೋಡಿ, ಗರಿಯ ಚಾವಣಿಗೆ ಹೇಳುವವನ ಹಾಗೆ, “ಸಿಹಿ,” ಎಂದ. ಮೇರೆ ತನ್ನ ಲಂಗವನ್ನು ಕಾಲಿನ ಮೇಲೆ ಎಳೆದುಕೊಂಡಳು.

ಮಾತು ಕಂಬದಿಂದ ಕಂಬಕ್ಕೆ ಬಂದು ಪಡುವಣ ಮೂಲೆಯಲ್ಲಿ ನಿಂತಿತು. ತೌರಿಬಾಳಿಗೆ ನಾಲಿಗೆಯ ಮೇಲೆ ಬೆಳಗಿನ ರುಚಿ ಇನ್ನೂ ಇತ್ತು.

“ನಮ್ಮದು ಉಪ್ಪು.”

ನಗುತ್ತಿದ್ದವರು ನಗುವನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಬಾಯಿ ಒರೆಸಿಕೊಂಡರು. ಅಬೆರಿ ತಲೆ ಎತ್ತಿದಳು. ತೌರಿಬಾ ಹಿಂದೆ ತಿರುಗಿ ಮಗಳನ್ನು ನೋಡಲಿಲ್ಲ.

ನಕಿಬಾಯೆಯ ಮಾತಿನಲ್ಲಿ ಕನಿಕರವಿತ್ತು. ಅದೇ ಹೆಚ್ಚು ಚುಚ್ಚಿತು. “ಹೋಗಲಿ ಬಿಡು ತೌರಿಬಾ. ನಿನ್ನತ್ತೆ ಹೇಳಿದ್ದನ್ನ ಎಲ್ಲೋ ಮರೆತಿರ್ತೀಯ. ಗಂಡಸು ಇಲ್ಲದ ಮನೆ. ಅದಕ್ಕೆ ಸಮುದ್ರ ಏನು ಮಾಡುತ್ತೆ, ಈ ಹುಡುಗಿ ಏನು ಮಾಡ್ತಾಳೆ?”

“ಕೆಮ್ಮು ಬಂದಿತ್ತು ಅತ್ತೆಗೆ,” ಎಂದಳು ತೌರಿಬಾ, ತನಗೆ ತಾನೇ.

ಉಳಿದ ಮನೆಗಳೂ ಹೇಳಿದವು. ಸಿಹಿ. ಸಿಹಿ. ಸಿಹಿ. ಕೊನೆಗೆ ಅಬೆರಿ, “ಮೂವತ್ತೆಂಟರಲ್ಲಿ ಒಂದು,” ಎಂದು ಪುಸ್ತಕದ ಮೇಲೆ ಕೈಯಿಟ್ಟಳು. ಹೊರಗೆ ಒಳಗಡಲು ಏರುತ್ತಿತ್ತು. ಹಡಗಿನವರು ಸಣ್ಣ ದೋಣಿಯನ್ನು ದಡಕ್ಕೆ ತಂದು ಕಾಯುತ್ತಿದ್ದದ್ದು ಕಂಬಗಳ ನಡುವಿಂದ ಕಾಣುತ್ತಿತ್ತು. “ಒಳ್ಳೇದೇ ಆಯ್ತು ಬಿಡಿ,” ಎಂದಳು ಹುಡುಗಿ. ಅವಳ ಮುಖ ಹಾಗೆ ಹೇಳಲಿಲ್ಲ. ಎರಡು ದಿನ ಸತ್ತ ಗಿಡ ಎಣಿಸಿದವಳು ಅವಳು.

ತೌರಿಬಾ ಎದ್ದು ನಿಂತಳು. ಕಂಬ ಹಿಡಿದುಕೊಂಡಳು.

“ನಕಿಬಾಯೆ ಮಾವ, ಬುಬುಸಿ.”

ಚಾವಡಿಯಲ್ಲಿ ಒಂದು ಉಸಿರು ಕೇಳಿಸಿತು. ಬುಬುಸಿ ಎಂದು ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ. ಹಾಗೆ ಕೇಳಿದವರಿಗೆ ದೋಣಿ ಕೊಟ್ಟವರಿದ್ದಾರೆ, ಹೆತ್ತ ಮಗುವನ್ನು ಸಾಕಲು ಕೊಟ್ಟವರಿದ್ದಾರೆ. ಇಲ್ಲ ಎಂದವನು ಆಮೇಲೆ ಈ ಕಂಬಗಳ ನಡುವೆ ತಲೆ ಎತ್ತಿ ಕೂರಲಾರ. ಅದಕ್ಕೇ ಜನ ಅದನ್ನು ಹಿತ್ತಲಲ್ಲಿ, ಮೆಲ್ಲಗೆ, ನಾಚಿಕೊಂಡು ಕೇಳುತ್ತಾರೆ. ಊರೆಲ್ಲ ಕುಳಿತಾಗ ನಿಂತು ಕೇಳುವುದಿಲ್ಲ.

“ಕೇಳು,” ಎಂದ ನಕಿಬಾಯೆ. “ಮದುವೆಗೆ ಗೆಡ್ಡೆ ತಾನೆ? ಕೊಟ್ಟೆ ಅಂದುಕೋ. ನಾನೇ ಕಳಿಸ್ತೀನಿ, ಮಾನ ಮುಚ್ಕೊಂಡು ಹೋಗಲಿ.”

“ಗೆಡ್ಡೆ ಬೇಡ ಮಾವ. ನಿಮ್ಮ ಗುಂಡಿಯಿಂದ ಒಂದು ಚಿಪ್ಪು ನೀರು.”

ಎಲ್ಲ ಕಡೆಯಿಂದ ಒಟ್ಟಿಗೆ ಮಾತು ಎದ್ದಿತು.

“ಗುಂಡಿ ನೀರು ಕೇಳೋದುಂಟಾ?”

“ಇವಳಿಗೇನು ತಲೆ ಕೆಟ್ಟಿದ್ಯಾ?”

“ಬೀಗರಾಗೋರು ಹೀಗೆ ಕೇಳ್ತಾರಾ?”

ನಕಿಬಾಯೆ ಕೈ ಎತ್ತಿದ. “ಹಂದಿ ಕೇಳು. ನನ್ನ ದೊಡ್ಡ ದೋಣಿ ಕೇಳು. ಇದನ್ನ ಬಿಟ್ಟು ಏನಾದ್ರೂ ಕೇಳು ತಾಯಿ.”

“ಹಂದಿ ಇಟ್ಕೊಂಡು ನಾನೇನು ಮಾಡಲಿ? ನೀರು ಸಾಕು. ನನ್ನ ಕೈಯಲ್ಲಿ ಕೆಟ್ಟದ್ದು ಏನು ಅಂತ ನನಗೆ ಗೊತ್ತಾಗ್ಬೇಕು. ಒಳ್ಳೆ ಗುಂಡಿ ನೀರು ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ನನಗೆ.”

ಮಗ ಏಳಲು ಹೋದಾಗ ಮುದುಕ ಅವನ ಭುಜ ಒತ್ತಿ ಕೂರಿಸಿದ. ತಾನೇ ಎದ್ದು, ತೆಂಗಿನ ಚಿಪ್ಪೊಂದನ್ನು ತೆಗೆದುಕೊಂಡು, ಚಾವಡಿಯ ಸೂರಿನಡಿ ಬಗ್ಗಿ ಹೊರಗೆ ಹೋದ. ಹೋಗುವಾಗ ಬೆನ್ನು ನೆಟ್ಟಗಿತ್ತು.

ಅವನು ಬರುವ ಮೊದಲು ಹಡಗಿನವನೊಬ್ಬ ಬಂದು ಅಬೆರಿಗೆ ಕೈ ಮಾಡಿದ. ಅವಳು ತಾಳು ಎನ್ನುವಂತೆ ಬೆರಳು ತೋರಿಸಿದಳು. ಹಿಂದಿನ ಸಾಲಿನಲ್ಲಿ ರೋಟಿಯಾ ಅಳುತ್ತಿದ್ದಾಳೆ ಎಂದು ತೌರಿಬಾಳಿಗೆ ಗೊತ್ತಾಯಿತು. ಆ ಹುಡುಗಿ ಚಿಕ್ಕಂದಿನಿಂದ ಸದ್ದಿಲ್ಲದೆ, ಮೂಗಿನಿಂದ ಉಸಿರೆಳೆದು ಅಳುವವಳು.

ನಕಿಬಾಯೆ ಬಂದ. ಚಿಪ್ಪಿನ ಬಾಯಿಗೆ ಅಂಗೈ ಮುಚ್ಚಿ ಹಿಡಿದಿದ್ದ, ಬಿಸಿಲಿಗೂ ಅದು ಕಾಣಬಾರದು ಎಂಬಂತೆ. ತೌರಿಬಾಳ ಕೈಗೆ ಕೊಟ್ಟ. ಕೊಡುವಾಗ ಅವನ ಬೆರಳು ಚಿಪ್ಪನ್ನು ಒಂದು ಗಳಿಗೆ ಬಿಡಲಿಲ್ಲ. ಕಣ್ಣಿಗೆ ಕಣ್ಣು ಸಿಕ್ಕಿತು. ಎಪ್ಪತ್ತೈದು ವರ್ಷದ ಆ ಕಣ್ಣಲ್ಲಿ ಅವಳು ಯಾವತ್ತೂ ಕಾಣದ ಒಂದು ಬೇಡಿಕೆ ಇತ್ತು.

ಅವಳು ಕುಡಿದಳು.

ತನ್ನ ಗುಂಡಿಯದಕ್ಕಿಂತ ಹೆಚ್ಚು ಉಪ್ಪು. ಗಂಟಲು ಕೊರೆದುಕೊಂಡು ಇಳಿಯಿತು. ಅತ್ತೆಯ ಕೆಮ್ಮು, ಮೂರನೆಯ ಎಲೆ, ನಾಲ್ಕನೆಯ ಎಲೆ, ಗೋರಿಯ ಮೇಲೆ ಇಟ್ಟ ತಂಬಾಕು ಎಲ್ಲವೂ ಆ ಒಂದು ಗುಟುಕಿನಲ್ಲಿ ಕೊಚ್ಚಿಹೋದವು. ನಾನು ಕೊಂದದ್ದಲ್ಲ! ಅಷ್ಟು ವರ್ಷದ ಭಾರ ಇಳಿದ ಹಗುರ ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಮಾತ್ರ ಸಿಕ್ಕಿತು. ಅದರ ಹಿಂದೆಯೇ ಇನ್ನೊಂದು ಬಂತು. ನಾನು ಕೊಂದದ್ದಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಿಹಿ ಎಂದರೆ ಮುಗಿಯಿತು. ಮುದುಕ ಅವಳಿಗೆ ಜೀವಮಾನವಿಡೀ ಋಣಿ. ಮದುವೆ ನಿಲ್ಲುವುದಿಲ್ಲ. ಹಡಗು ಹೊರಡುತ್ತದೆ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

ತೌರಿಬಾ ಚಿಪ್ಪನ್ನು ಪಕ್ಕದ ಕಂಬದ ಹಿಂದೆ ಕುಳಿತಿದ್ದ ನಾದಿನಿ ಮೇರೆಯತ್ತ ಚಾಚಿದಳು.

“ಕುಡಿಯೇ.”

“ನಾನ್ಯಾಕೆ ಅತ್ತಿಗೆ?”

“ಕುಡಿ. ಗುರುತು ಸಿಗುತ್ತಾ ನೋಡು.”

ಮೇರೆ ಒಂದು ಗುಟುಕು ಕುಡಿದಳು. ಉಗುಳಲಿಲ್ಲ, ಮುಖ ಕಿವಿಚಲಿಲ್ಲ. ತನ್ನ ಮನೆಯ ಊಟ ತಿಂದವಳ ಹಾಗೆ ನುಂಗಿ, ಗಂಡನ ಕೈಗೆ ಕೊಟ್ಟಳು. ಅವನು ತುಟಿ ತಾಗಿಸಿ ಪಕ್ಕದವನಿಗೆ ಕೊಟ್ಟ. ಚಿಪ್ಪು ಕಂಬದಿಂದ ಕಂಬಕ್ಕೆ ಹೋಯಿತು. ಸಕ್ಕರೆ ಬೇಕಿಲ್ಲ ಎಂದವನು ಕಣ್ಣು ಮುಚ್ಚಿ ಕುಡಿದ. ಯಾರೂ ಉಪ್ಪು ಎನ್ನಲಿಲ್ಲ, ಯಾರೂ ಸಿಹಿ ಎನ್ನಲಿಲ್ಲ. ಕುಡಿದ ಒಬ್ಬೊಬ್ಬರೂ ತಲೆ ಎತ್ತಿ ಆಕಾಶ ನೋಡದೆ, ಪಕ್ಕದವರ ಮುಖ ನೋಡಿದರು.

ಚಿಪ್ಪು ಸುತ್ತಿ ನಕಿಬಾಯೆಗೇ ಬಂತು. ತಳದಲ್ಲಿ ಸ್ವಲ್ಪ ಉಳಿದಿತ್ತು. ಅವನು ಅದನ್ನು ಕುಡಿದು ಚಿಪ್ಪನ್ನು ಬೋರಲು ಹಾಕಿದ.

“ಏಳು ವರ್ಷ ಆಯ್ತು,” ಎಂದ. “ಹಬ್ಬಕ್ಕೆ ತಂದ ಗೆಡ್ಡೆ ನನ್ನ ತಂಗಿಯ ದ್ವೀಪದ್ದು. ರಾತ್ರಿ ದೋಣೀಲಿ ತಂದು ನನ್ನ ಗುಂಡೀಲಿ ಹೂತು, ಬೆಳಗ್ಗೆ ನಾನೇ ಅಗೆದೆ. ಮೊದಲ ಕಲ್ಲು ಇಟ್ಟವನು ನಾನು. ಮೊದಲು ಕೆಟ್ಟದ್ದೂ ನನ್ನದೇ ಅಂತ ಹೇಗೆ ಹೇಳಲಿ?”

“ನಮ್ಮದು ಐದು,” ಎಂದಳು ಮೇರೆ.

“ನಮ್ಮದೂ ಐದು.”

“ನಮ್ಮದು ಆರು ಇರಬೇಕು. ಹೆಂಡತಿ ತೀರಿಕೊಂಡ ವರ್ಷದಿಂದ.”

“ಅಯ್ಯೋ, ನೀನು ನನಗಿಂತ ಮೊದಲೇ?” ಎಂದ ಒಬ್ಬ. ಯಾರೋ ನಗಲು ಹೋಗಿ ನಿಲ್ಲಿಸಿದರು. ಇಷ್ಟು ದಿನ ಪ್ರತಿಯೊಬ್ಬರೂ ಒಂದೊಂದು ಗುಂಡಿ ಕಳೆದುಕೊಂಡಿದ್ದರು. ಈಗ ಎಲ್ಲವನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಜೌಗಿನಲ್ಲಿ ಏನೂ ಉಳಿದಿರಲಿಲ್ಲ.

ಅಬೆರಿ ಮೆಲ್ಲಗೆ ಕೇಳಿದಳು. “ಏಳು ವರ್ಷ ಅಂದ್ರಾ ಅಜ್ಜ? ನಾವು ಐದು ವರ್ಷದ ಹಿಂದೆ ಕಾಗದ ಕಳಿಸಿ ಕೇಳಿದ್ವಿ. ಆಗಲೂ ಎಲ್ಲ ಸಿಹಿ ಅಂತ ಬಂತು ನಿಮ್ಮಿಂದ.”

“ಹ್ಞೂಂ. ನಾನೇ ಹೆಬ್ಬೆಟ್ಟು ಒತ್ತಿದ್ದು.”

ಹುಡುಗಿ ಬೋರಲಾಗಿದ್ದ ಚಿಪ್ಪನ್ನು ಎತ್ತಿ, ಅಂಚಿನಲ್ಲಿ ನಿಂತಿದ್ದ ಕೊನೆಯ ಹನಿಗಳನ್ನು ತನ್ನ ಉಪ್ಪಳೆಯುವ ಕಡ್ಡಿಯ ತುದಿಗೆ ತಾಗಿಸಿದಳು. ಅದರ ಪುಟ್ಟ ಗಾಜಿನಲ್ಲಿ ಮೂಡಿದ್ದನ್ನು ಓದಿದಳು. ಇನ್ನೊಂದು ಸಲ ಓದಿದಳು. ತೆರೆದಿದ್ದ ಪುಸ್ತಕದಲ್ಲಿ ಏನೋ ಬರೆದು, ಅದನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಕೆಳಗಿನ ಪುಸ್ತಕ ತೆಗೆದಳು.

“ಕಾಂಡ್ಲಾ ನೆಡೋದು ಮೊದಲಿನದ್ರಲ್ಲಿ ತಾನೆ ಬರೀತಿದ್ದೆ?” ಎಂದಳು ಮೇರೆ. “ಅದನ್ನ ಯಾಕೆ ಮುಚ್ಚಿದೆ?”

“ಅದನ್ನೂ ಕಳಿಸ್ತೀನಿ ಚಿಕ್ಕಮ್ಮ. ಕಾಂಡ್ಲಾ ದೊಡ್ಡದಾಗೋಕೆ ಹದಿನೈದು ವರ್ಷ ಬೇಕು.” ಹುಡುಗಿ ಹೊಸ ಪುಟಕ್ಕೆ ಗೆರೆ ಎಳೆಯುತ್ತಿದ್ದಳು, ತಲೆ ಎತ್ತಲಿಲ್ಲ. “ಈಗ ಮನೆ ಮನೆಯದು ಬೇಕು. ಎಷ್ಟು ಜನ, ಎಷ್ಟು ಮುದುಕರು, ಎಷ್ಟು ಮಕ್ಕಳು, ಬೇರೆ ದ್ವೀಪದಲ್ಲಿ ಯಾರಿಗೆ ನೆಂಟರಿದ್ದಾರೆ. ಹಡಗು ಕಾಯಲಿ.”

ಈ ಪುಸ್ತಕ ಊರು ಬಿಡುವವರದು ಎಂದು ಕೇಳದೆಯೇ ಎಲ್ಲರಿಗೂ ಹೊಳೆಯಿತು. ಒಬ್ಬ ಹೆಂಗಸು ಮಡಿಲಿನ ಮಗುವನ್ನು ಒತ್ತಿ ಹಿಡಿದುಕೊಂಡಳು. ಚಾವಡಿಯ ಕೆಳ ಅಂಚಿನಲ್ಲಿ, ದಡದಿಂದ ಎಷ್ಟೋ ದೂರದಲ್ಲಿ, ನೆಲಕ್ಕೆ ಹಾಸಿದ ಬಿಳಿ ಹರಳುಗಳ ಸಂದಿಯಿಂದ ನೀರು ಒಸರುತ್ತಿತ್ತು. ಅಲೆ ಬಂದದ್ದಲ್ಲ. ಅಡಿಯಿಂದ ಬಂದದ್ದು. ಅಲ್ಲಿ ಕುಳಿತಿದ್ದ ಮುದುಕರು ಚಾಪೆಯನ್ನು ಒಂದು ಮೊಳ ಒಳಕ್ಕೆ ಎಳೆದುಕೊಂಡರು.

“ಮೊದಲು ನಿಜ ಹೇಳಿದ ಮನೆ,” ಎಂದಳು ಅಬೆರಿ. “ತೌರಿಬಾ ಚಿಕ್ಕಮ್ಮ. ನಿಮ್ಮ ಮನೇಲಿ ಎಷ್ಟು ಜನ?”

ಇಬ್ಬರು ಎನ್ನಲು ಹೋಗಿ ತೌರಿಬಾ ತಡೆದಳು. ಹಿಂದಿನ ಸಾಲಿನಲ್ಲಿ ಮೂಗಿನ ಉಸಿರು ನಿಂತಿತ್ತು. ಮೂರು ವಾರದ ಮೇಲೆ ರೋಟಿಯಾ ಯಾವ ಮನೆಯವಳು, ಯಾವ ದೋಣಿ ಹತ್ತುವವಳು ಎಂದು ಹೇಳುವ ಧೈರ್ಯ ಅವಳಿಗೆ ಆಗಲಿಲ್ಲ.

“ಒಬ್ಬಳು,” ಎಂದ ನಕಿಬಾಯೆ, ನೆಲ ನೋಡುತ್ತ. “ಅಲ್ಲಿ ಒಬ್ಬಳು ಅಂತ ಬರ್ಕೋ ಮಗಳೇ. ರೋಟಿಯಾನ ನಮ್ಮ ಮನೆಗೆ ಸೇರಿಸು.”

ಹುಡುಗಿ ಬರೆದುಕೊಂಡಳು.